ಇಂದಿನ ಧಮ್ಮ ಚಿಂತನೆ: ಪೊರಕೆಯನ್ನು ಹೊಗಳುವ ಕವಿತೆ



ಬಂಧುಗಳೇ, ಇಂದಿನ ಚಿಂತನೆ ನನ್ನದೇ ಒಂದು ತಪ್ಪಿನಿಂದ ಶುರುವಾಗುತ್ತದೆ.

ಸೆಪ್ಟೆಂಬರ್ 23 ನಮ್ಮ ರಾಜ್ಯದಲ್ಲಿ ಪೌರಕಾರ್ಮಿಕರ ದಿನ. ಅಂದು ಬೆಳಿಗ್ಗೆ ನನ್ನ ಮೊಬೈಲಿಗೆ ಒಂದು ಕವಿತೆ ಬಂತು. ಬರೆದವರ ಹೆಸರಿರಲಿಲ್ಲ. ಮೇಲೆ ಸೂರ್ಯೋದಯದ ಚಿತ್ರ, ಕೆಳಗೆ ಪೊರಕೆ ಹಿಡಿದ ಹೆಂಗಸಿನ ಚಿತ್ರ. ಅವಳನ್ನು ದೇವತೆ ಎಂದು, ಗಂಗೆ ಎಂದು, ಊರಿನ ತಾಯಿ ಎಂದು ಕವಿತೆ ಕರೆದಿತ್ತು. ಊರೆಲ್ಲ ಮಲಗಿರುವಾಗ ಅವಳು ನಗುನಗುತ್ತಾ ಏಳುತ್ತಾಳೆ, ಏನನ್ನೂ ಬಯಸದೆ ಗುಡಿಸುತ್ತಾಳೆ, ಅವಳ ಪೊರಕೆಯೇ ಪೂಜೆ ಎಂಬ ಅರ್ಥದ ಸಾಲುಗಳಿದ್ದವು. ಓದಿ ನನ್ನ ಕಣ್ಣು ಒದ್ದೆಯಾಯಿತು. ಕೂಡಲೇ ನಮ್ಮ ಅಧ್ಯಯನ ಬಳಗದ ಗುಂಪಿಗೆ ಕಳಿಸಿದೆ. ಕೈ ಮುಗಿಯುವ ಗುರುತುಗಳು ಸಾಲಾಗಿ ಬಂದವು.

ಮಧ್ಯಾಹ್ನ ಬಳಗದ ಒಬ್ಬ ತಂಗಿಯಿಂದ ನನಗೊಬ್ಬನಿಗೇ ಒಂದು ವಾಯ್ಸ್ ಮೆಸೇಜ್ ಬಂತು. ಆಕೆ ಬಿ.ಎಡ್. ಓದುತ್ತಿದ್ದಾಳೆ. ಆಕೆಯ ತಾಯಿ ನಮ್ಮ ಗೋಕುಲಂನ ರಸ್ತೆಗಳನ್ನೇ ಗುಡಿಸುವವರು. ನನ್ನ ಮನೆಯ ಮುಂದಿನ ಹೊಂಗೆ ಮರದ ಎಲೆಗಳನ್ನು ಎಷ್ಟೋ ವರ್ಷದಿಂದ ಎತ್ತುತ್ತಿರುವವರೂ ಅವರೇ.

ತಂಗಿ ಹೇಳಿದ್ದು ಇಷ್ಟು: "ಸಾರ್, ನೀವು ಕಳಿಸಿದ್ದನ್ನ ಅಮ್ಮನಿಗೆ ಓದಿ ಹೇಳ್ದೆ. ಅಮ್ಮ ಕೇಳಿದ್ರು, ನಗುನಗುತ್ತಾ ಗುಡಿಸ್ತೀನಿ ಅಂತ ಇವರಿಗೆ ಯಾರು ಹೇಳಿದ್ರು, ಬೆಳಿಗ್ಗೆ ಆರು ಗಂಟೆಗೆ ಧೂಳು ಕುಡೀವಾಗ ನನ್ನ ಮುಖ ನೋಡಿದ್ರಾ ಅಂತ. ಆಮೇಲೆ ಇನ್ನೊಂದು ಮಾತು ಹೇಳಿದ್ರು. ಬರೆದೋರು ಒಳ್ಳೆಯವರೇ ಇರಬೇಕು. ಆದ್ರೆ ನನ್ನ ಮಗಳು ಪೊರಕೆ ಹಿಡೀಬಾರ್ದು ಅಂತಾನೇ ನಾನು ಪೊರಕೆ ಹಿಡಿದಿದ್ದು. ಅದು ಈ ಕವಿತೇಲಿ ಎಲ್ಲೂ ಇಲ್ವಲ್ಲ."

ಮೊದಲ ಸಲ ಕೇಳಿದಾಗ ನನಗೆ ಸಿಟ್ಟು ಬಂತು. ಒಳ್ಳೆಯ ಮನಸ್ಸಿನಿಂದ ಕಳಿಸಿದ್ದಕ್ಕೆ ಇಂಥ ಉತ್ತರವೇ ಎನಿಸಿತು. ಆ ತಂಗಿಯ ದನಿಯಲ್ಲಿ ನನಗೆ ಕೇಳಿಸಿದ್ದು ಕೋಪ ಮಾತ್ರ. ರಾತ್ರಿ ಊಟವಾದ ಮೇಲೆ ಇನ್ನೊಮ್ಮೆ ಕೇಳಿದೆ. ಆಗ ಅದರಲ್ಲಿ ಕೋಪ ಸ್ವಲ್ಪವೇ ಇತ್ತು. ಹೆಚ್ಚಾಗಿ ಇದ್ದದ್ದು ಆಯಾಸ, ಅದಕ್ಕಿಂತ ಹೆಚ್ಚಾಗಿ ತಾಯಿಯ ಮೇಲಿನ ಪ್ರೀತಿ. ಮೆಸೇಜ್ ಬದಲಾಗಿರಲಿಲ್ಲ, ಕೇಳುವವನ ಕಿವಿ ಮಾತ್ರ ಬದಲಾಗಿತ್ತು.

ಶಾಲೆಯಲ್ಲಿ ಪದ್ಯ ಪಾಠ ಮಾಡುವಾಗ ಮೇಷ್ಟ್ರು ಎರಡು ಪ್ರಶ್ನೆ ಕೇಳುತ್ತಿದ್ದರು. ಈ ಪದ್ಯದ ಆಶಯವೇನು? ಇದರ ದನಿ ಎಂಥದು? ನಾವು ಆಶಯಕ್ಕೆ ಉತ್ತರ ಬಾಯಿಪಾಠ ಮಾಡುತ್ತಿದ್ದೆವು: ಶ್ರಮದ ಮಹತ್ವ, ತಾಯಿಯ ಮಹತ್ವ, ದೇಶಪ್ರೇಮ. ದನಿಯ ಪ್ರಶ್ನೆಯನ್ನು ಬಿಟ್ಟುಬಿಡುತ್ತಿದ್ದೆವು, ಅದಕ್ಕೆ ಒಂದೇ ಅಂಕ. ಈಗ ಅನಿಸುತ್ತದೆ, ಬದುಕಿನಲ್ಲಿ ಹೆಚ್ಚು ಅಂಕ ಇರುವುದು ಆ ಎರಡನೆಯ ಪ್ರಶ್ನೆಗೇ. ಒಂದು ಮಾತು ಏನು ಹೇಳುತ್ತದೆ ಎಂಬುದು ಆಶಯ. ಅದನ್ನು ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದು ದನಿ. ನಾನು ಕಳಿಸಿದ ಕವಿತೆಯ ಆಶಯ ಗೌರವ. ಆದರೆ ಅದರ ದನಿ ಒಬ್ಬರನ್ನು ಹೊಗಳುತ್ತಾ ಹೊಗಳುತ್ತಾ, ಇದ್ದ ಜಾಗದಲ್ಲೇ ಇರಲು ಹೇಳುವ ದನಿ. "ಏನನ್ನೂ ಬಯಸದ" ತಾಯಿಗೆ ಸಂಬಳ ಯಾಕೆ ಹೆಚ್ಚಿಸಬೇಕು? "ನಗುನಗುತ್ತಾ" ಗುಡಿಸುವವಳಿಗೆ ಕೈಗವಸು, ಮಾಸ್ಕು ಯಾಕೆ ಬೇಕು?

ಬಂಧುಗಳೇ, ಇದು ಬರೀ ಕವಿತೆಯ ವಿಚಾರವಲ್ಲ. ನಮ್ಮ ಜನರನ್ನು ಬೈದು ಕೆಳಗೆ ಇಟ್ಟಿದ್ದಾರೆ ಎಂಬುದು ನಮಗೆಲ್ಲ ಗೊತ್ತು. ಹೊಗಳಿಯೂ ಕೆಳಗೆ ಇಡಬಹುದು ಎಂಬುದು ಅಷ್ಟು ಬೇಗ ಗೊತ್ತಾಗುವುದಿಲ್ಲ. ಬಾಬಾಸಾಹೇಬರಿಗೆ ಅದು ಗೊತ್ತಾಗಿತ್ತು. ಕಾಂಗ್ರೆಸ್ ಮತ್ತು ಗಾಂಧೀಜಿ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬುದರ ಬಗ್ಗೆ ಅವರು ಬರೆದ ಪುಸ್ತಕ 1945ರಲ್ಲಿ ಬಂತು. ಅದರಲ್ಲಿ ಅವರು, ಮಲ ಎತ್ತುವ ಕೆಲಸವನ್ನು ಶ್ರೇಷ್ಠ ಸೇವೆ ಎಂದು ಹಾಡಿ ಹೊಗಳುವ ಮಾತನ್ನು ತೆಗೆದುಕೊಂಡು ಪರೀಕ್ಷೆ ಮಾಡುತ್ತಾರೆ. ಅವರ ವಾದದ ಸಾರ ಇದು: ಆ ಕೆಲಸ ಅಷ್ಟು ಶ್ರೇಷ್ಠವಾದರೆ ಅದು ಒಂದೇ ಜಾತಿಯ ಮಕ್ಕಳಿಗೆ ಮಾತ್ರ ಯಾಕೆ ಮೀಸಲು? ಹುಟ್ಟಿನಿಂದ ಹೊರಿಸಿದ ಹೊರೆಯನ್ನು ಹೆಮ್ಮೆ ಎಂದು ಕರೆದು, ಹೊತ್ತವನು ಅದನ್ನು ಇಳಿಸದಂತೆ ಮಾಡುವುದು ಕ್ರೂರವಾದ ಅಣಕ. ಮಾತಿನ ಆಶಯದ ಹಿಂದೆ ಅಡಗಿದ ದನಿಯನ್ನು ಹಿಡಿಯುವುದು ಹೇಗೆ ಎಂಬುದಕ್ಕೆ ನಮಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ.

ಇದೇ ಕಿವಿಯಿಂದ ಎರಡು ಕೃತಿಗಳನ್ನು ಪಕ್ಕಪಕ್ಕ ಇಟ್ಟು ಓದೋಣ.

ಒಂದು, ಥೇರಗಾಥೆಯಲ್ಲಿರುವ ಸುನೀತ ಥೇರರ ಹಾಡು. ಸುನೀತರು ಕೀಳೆನಿಸಿದ ಕುಲದಲ್ಲಿ ಹುಟ್ಟಿದವರು. ಬಾಡಿದ ಹೂಗಳನ್ನು ಗುಡಿಸಿ ಎಸೆಯುವುದು ಅವರ ಕೆಲಸ. ಅವರು ತಮ್ಮ ಕಥೆಯನ್ನು ತಾವೇ ಹಾಡುತ್ತಾರೆ. ಬಡತನವಿತ್ತು, ಹೊಟ್ಟೆಗೆ ಸಾಕಷ್ಟು ಇರಲಿಲ್ಲ, ಜನ ತಮ್ಮನ್ನು ಕಂಡು ಅಸಹ್ಯಪಡುತ್ತಿದ್ದರು, ಬೈಯುತ್ತಿದ್ದರು, ತಾವು ಮನಸ್ಸು ತಗ್ಗಿಸಿ ಕಂಡಕಂಡವರಿಗೆಲ್ಲ ಕೈ ಮುಗಿಯುತ್ತಿದ್ದೆವು ಎಂದು ನೇರವಾಗಿ ಹೇಳುತ್ತಾರೆ. ಅದನ್ನು ಸಿಹಿ ಮಾಡಿ ಹೇಳುವುದಿಲ್ಲ. ಒಂದು ದಿನ ಮಗಧದ ರಾಜಧಾನಿಗೆ ಭಗವಾನ್ ಬುದ್ಧರು ಭಿಕ್ಖು ಸಂಘದೊಡನೆ ಬರುತ್ತಾರೆ. ಸುನೀತರು ಹೆಗಲ ಮೇಲಿನ ಅಡ್ಡೆಯನ್ನು ಕೆಳಗೆ ಹಾಕಿ ವಂದಿಸಲು ಹತ್ತಿರ ಹೋಗುತ್ತಾರೆ. ಅವರ ಮೇಲಿನ ಅನುಕಂಪದಿಂದ ಬುದ್ಧರು ನಡೆಯುವುದನ್ನು ನಿಲ್ಲಿಸಿ ನಿಲ್ಲುತ್ತಾರೆ. ಸುನೀತರು ಪಬ್ಬಜ್ಜೆ ಕೇಳುತ್ತಾರೆ. ಬಾ ಭಿಕ್ಖು ಎಂದು ಭಗವಾನರು ಕರೆಯುತ್ತಾರೆ. ಮುಂದೆ ಸುನೀತರು ಕಾಡಿನಲ್ಲಿ ಸಾಧನೆ ಮಾಡಿ ವಿಮುಕ್ತರಾಗುತ್ತಾರೆ. ಬೆಳಗಾಗುವಾಗ ಇಂದ್ರ, ಬ್ರಹ್ಮರೇ ಬಂದು ಅವರಿಗೆ ಕೈ ಮುಗಿಯುತ್ತಾರೆ. ಅದನ್ನು ಕಂಡು ಬುದ್ಧರು ಮುಗುಳ್ನಗುತ್ತಾರೆ. ಮನುಷ್ಯ ಬ್ರಾಹ್ಮಣನಾಗುವುದು ತಪಸ್ಸು, ಬ್ರಹ್ಮಚರ್ಯ, ಸಂಯಮ, ಆತ್ಮನಿಗ್ರಹಗಳಿಂದ ಎಂಬ ಅರ್ಥದ ಮಾತು ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಹಾಡಿನಲ್ಲಿ ಇಲ್ಲದ ಮಾತು. ಬುದ್ಧರು ಸುನೀತರಿಗೆ "ನಿನ್ನ ಕೆಲಸ ಪವಿತ್ರ, ಮುಂದುವರಿಸು" ಎನ್ನುವುದಿಲ್ಲ. ಕೆಲಸವನ್ನು ಹೊಗಳುವುದೂ ಇಲ್ಲ, ಹಳಿಯುವುದೂ ಇಲ್ಲ. ಮನುಷ್ಯನ ಎದುರು ನಿಲ್ಲುತ್ತಾರೆ, ಅವನು ಕೇಳಿದ್ದನ್ನು ಕೊಡುತ್ತಾರೆ. ಅಡ್ಡೆ ನೆಲಕ್ಕೆ ಬಿದ್ದದ್ದು ಮತ್ತೆ ಹೆಗಲೇರುವುದಿಲ್ಲ.

ಇನ್ನೊಂದು ಕುವೆಂಪು ಅವರ "ಜಲಗಾರ" ನಾಟಕ, 1928ರದು. ಕುವೆಂಪು ನಮಗೆ ದೂರದವರಲ್ಲ. ಅವರು ಬಾಳಿದ "ಉದಯರವಿ" ಮನೆ ಗೋಕುಲಂ ಪಕ್ಕದ ಒಂಟಿಕೊಪ್ಪಲಿನ ಕಡೆಯೇ ಇದೆ. ಬೆಳಗಿನ ವಾಕಿಂಗಿನಲ್ಲಿ ಎಷ್ಟೋ ಸಲ ಅದರ ಮುಂದೆ ಹಾದುಹೋಗಿದ್ದೇನೆ. ನಾಟಕದಲ್ಲಿ ಬೀದಿ ಗುಡಿಸುವ ಜಲಗಾರ ತನ್ನ ಕೆಲಸದಲ್ಲಿದ್ದಾನೆ. ಉಳಿದವರು ಶಿವನ ಗುಡಿಗೆ ಹೊರಟಿದ್ದಾರೆ. ಅವನಿಗೆ ಗುಡಿಯ ಬಾಗಿಲು ಇಲ್ಲ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಅವನ ಬಳಿಗೆ ಬರುತ್ತಾನೆ, ತಾನೂ ಜಲಗಾರನೇ, ಜಗದ ಜಲಗಾರ ಎನ್ನುತ್ತಾನೆ.

ಈ ಎರಡನ್ನೂ ನಮ್ಮ ಭಾನುವಾರದ ಅಧ್ಯಯನದಲ್ಲಿ ಓದಿದೆವು. ಒಬ್ಬ ಯುವಕ ಕೂಡಲೇ ಹೇಳಿದ: "ಎರಡೂ ಒಂದೇ ಅಲ್ವಾ ಸಾರ್? ಕೀಳು ಅಂತ ಕರೆಸಿಕೊಂಡವನು ದೊಡ್ಡವನಾದ." ಆಶಯ ಮಾತ್ರ ನೋಡಿದರೆ ಹೌದು, ಹತ್ತಿರ ಹತ್ತಿರ ಒಂದೇ. ಆಗ ನಮ್ಮ ತಂಗಿ ಕೇಳಿದಳು: "ಕಥೆ ಮುಗಿದಾಗ ಇಬ್ಬರ ಕೈಯಲ್ಲೂ ಏನಿದೆ?" ಸುನೀತರ ಕೈ ಖಾಲಿ. ಜಲಗಾರನ ಕೈಯಲ್ಲಿ ಪೊರಕೆ ಇದೆ, ಈಗ ಅದು ದೇವರ ಪೊರಕೆ.

ಕುವೆಂಪು ಅವರಿಗೆ ಅನ್ಯಾಯ ಮಾಡಬಾರದು. ಆ ನಾಟಕದ ಮೊನೆ ಚುಚ್ಚುವುದು ಜಲಗಾರನನ್ನಲ್ಲ, ಗುಡಿಗೆ ಹೋಗುವವರನ್ನು. ನೀವು ಹುಡುಕುವ ಶಿವ ನೀವು ಮುಟ್ಟದವನ ಪಕ್ಕ ನಿಂತಿದ್ದಾನೆ ಎಂದು 1928ರಲ್ಲಿ ಹೇಳಲು ಧೈರ್ಯ ಬೇಕಿತ್ತು. ಮಹಾಡಿನ ಕೆರೆಯ ನೀರಿಗೆ ಬಾಬಾಸಾಹೇಬರು ಕೈ ಇಟ್ಟು ಆಗ ಒಂದೇ ವರ್ಷ ಕಳೆದಿತ್ತು. ಗುಡಿಗೆ ಹೋಗುವವನಿಗೆ ಆ ನಾಟಕವನ್ನು ಓದಿ ಹೇಳಿದರೆ ಅದು ಏಟು. ಅದೇ ನಾಟಕದಿಂದ ಪೊರಕೆಯ ಹೊಗಳಿಕೆಯನ್ನಷ್ಟೇ ಕತ್ತರಿಸಿ ಗುಡಿಸುವವನಿಗೆ ಓದಿ ಹೇಳಿದರೆ ಅದು ಸಮಾಧಾನದ ಮಾತು, ಇನ್ನೂ ಸ್ವಲ್ಪ ಕತ್ತರಿಸಿದರೆ ಸರಪಳಿ. ಕೇಳುವವನು ಬದಲಾದರೆ ದನಿ ಬದಲಾಗುತ್ತದೆ. ವಾಟ್ಸಾಪ್ ಮಾಡುವುದು ಈ ಕತ್ತರಿಸುವ ಕೆಲಸವನ್ನೇ. ಯಾರಿಗೋ ಹೇಳಿದ ಮಾತು ಇನ್ಯಾರಿಗೋ ತಲುಪುತ್ತದೆ, ಜೊತೆಗೊಂದು ಸೂರ್ಯೋದಯ.

ಇಲ್ಲಿ ಒಬ್ಬ ಹಿರಿಯರು ಆಕ್ಷೇಪ ಎತ್ತಿದರು. ಅದೂ ಸರಿಯಾದ ಆಕ್ಷೇಪವೇ. "ಹಾಗಾದ್ರೆ ಪೌರಕಾರ್ಮಿಕರನ್ನ ಗೌರವಿಸಬಾರದಾ? ಗುಡಿಸೋದು ಕೀಳು ಕೆಲಸ ಅಂತ ನಾವೇ ಒಪ್ಪಿಕೊಂಡ ಹಾಗಾಯ್ತಲ್ಲ?"

ಇಲ್ಲ. ನಾವು ಎರಡು ವಿಷಯಗಳನ್ನು ಬೇರೆ ಮಾಡಬೇಕು. ಕಸ ಗುಡಿಸುವುದು ಊರಿಗೆ ಬೇಕಾದ ಕೆಲಸ, ಮಾಡುವವರಿಗೆ ಗೌರವ ಸಲ್ಲಬೇಕು. ಆದರೆ ಅದನ್ನು ಹುಟ್ಟಿಗೆ ಕಟ್ಟಿಹಾಕಿದ್ದು ಅನ್ಯಾಯ. ನಿಜವಾದ ಗೌರವ ಸಂಬಳವಾಗಿ, ಖಾಯಂ ನೌಕರಿಯಾಗಿ, ರಕ್ಷಣೆಯ ಸಾಮಾನಾಗಿ, ಮಕ್ಕಳ ಓದಾಗಿ ಬರುತ್ತದೆ. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರಕ್ಕೆ ಕೂತಾಗ ಅವರು ಕೇಳಿದ್ದು ಕೆಲಸ ಖಾಯಂ ಮಾಡಿ ಎಂದು. ನಮ್ಮನ್ನು ದೇವತೆ ಎಂದು ಕರೆಯಿರಿ ಎಂದು ಯಾರೂ ಕೇಳಲಿಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲ ಸ್ಥಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆ ಹೆಮ್ಮೆ ಯಾರ ಬೆನ್ನಿನ ಮೇಲೆ ನಿಂತಿತ್ತು ಎಂದು ಕೇಳಿಕೊಂಡವರು ಕಡಿಮೆ. ನಾನೂ ಕೇಳಿಕೊಂಡಿರಲಿಲ್ಲ.

ಈಗ ನನ್ನ ವಿಷಯ. ಬಳಗದಲ್ಲಿ ಇಷ್ಟು ವರ್ಷ ಇದನ್ನು ಹೇಳಿರಲಿಲ್ಲ. ನನ್ನ ತಾತ ಒಂದು ಸಣ್ಣ ಪಟ್ಟಣದಲ್ಲಿ ಮಲದ ಡಬ್ಬಿ ತಲೆಯ ಮೇಲೆ ಹೊತ್ತವರು. ಬ್ಯಾಂಕಿನಲ್ಲಿ ಕೆಲಸ ಸಿಕ್ಕ ಮೇಲೆ ನಾನು ಆ ಊರಿನ ಹೆಸರನ್ನೇ ಹೇಳುವುದು ಬಿಟ್ಟೆ. ಯಾರಾದರೂ ಕೇಳಿದರೆ ಮೈಸೂರಿನವರು ಎನ್ನುತ್ತಿದ್ದೆ. ಆ ಕವಿತೆ ಓದಿ ನನ್ನ ಕಣ್ಣು ಒದ್ದೆಯಾದದ್ದು ಯಾಕೆ ಎಂದು ಆ ರಾತ್ರಿ ಕೂತು ನೋಡಿದೆ. ನನ್ನ ಬೀದಿ ಗುಡಿಸುವ ತಾಯಿಗಾಗಿ ಅಲ್ಲ. ಅವರ ಹೆಸರೂ ನನಗೆ ಗೊತ್ತಿರಲಿಲ್ಲ. ತಾತನ ಕೆಲಸವನ್ನು ಯಾರೋ ಪೂಜೆ ಎಂದು ಕರೆದಾಗ ನನ್ನ ನಾಚಿಕೆಗೆ ಮುಲಾಮು ಹಚ್ಚಿದಂತಾಯಿತು. ಕವಿತೆ ನನಗೆ ಸ್ಫೂರ್ತಿ ಕೊಟ್ಟಿತು, ಬೆಲೆ ಕೊಟ್ಟವರು ಬೇರೆ.

ತಾತ ತಮ್ಮ ಕೆಲಸವನ್ನು ಪೂಜೆ ಎಂದು ಯಾವತ್ತೂ ಕರೆದವರಲ್ಲ. 1970ರ ದಶಕದ ಆರಂಭದಲ್ಲಿ ದೇವರಾಜ ಅರಸು ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಸುದ್ದಿ ತಲುಪಿದ ದಿನ ತಾತ ಆ ಡಬ್ಬಿಯನ್ನು ಊರ ಹೊರಗೆ ಗುಂಡಿ ತೋಡಿ ಹೂತುಬಂದರು ಎಂದು ಅಪ್ಪ ಹೇಳುತ್ತಿದ್ದರು. ಬಂದು ಸ್ನಾನ ಮಾಡಿ ಊಟಕ್ಕೆ ಕೂತರಂತೆ, ಒಂದೂ ಮಾತಾಡಲಿಲ್ಲವಂತೆ. ಸುನೀತರ ಹಾಡು ಓದುವಾಗ ಅಡ್ಡೆ ಕೆಳಗೆ ಬೀಳುವ ಜಾಗದಲ್ಲಿ ನನಗೆ ಆ ಡಬ್ಬಿ ನೆನಪಾಗುತ್ತದೆ.

ಅದೇ ಬಸವಲಿಂಗಪ್ಪನವರು 1973ರ ನವೆಂಬರಿನಲ್ಲಿ ಇದೇ ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಅವರು ಸಚಿವ ಸ್ಥಾನ ಬಿಡಬೇಕಾಯಿತು. ಆ ಮಾತಿನ ದನಿಯನ್ನು ಅಂದು ಬಹಳ ಜನ ಕೇಳಿಸಿಕೊಳ್ಳಲಿಲ್ಲ. ನನಗೆ ಈಗ ಅದು ಒಬ್ಬ ಹಸಿದವನು ತಟ್ಟೆ ನೋಡಿ ಕೇಳುವ ಪ್ರಶ್ನೆಯಂತೆ ಕೇಳಿಸುತ್ತದೆ: ಇದರಲ್ಲಿ ನನ್ನ ಜನರಿಗೆ ಶಕ್ತಿ ಕೊಡುವುದು ಎಷ್ಟಿದೆ? ಮರುವರ್ಷಗಳಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು, 1975ರಲ್ಲಿ ಸಿದ್ಧಲಿಂಗಯ್ಯನವರ "ಹೊಲೆಮಾದಿಗರ ಹಾಡು" ಬಂತು. ಆ ಹಾಡುಗಳನ್ನು ನಮ್ಮ ಜನ ಮೆರವಣಿಗೆಯಲ್ಲಿ ಹಾಡಿದರು. ನಮ್ಮ ಬಗ್ಗೆ ಇತರರು ಬರೆದದ್ದಕ್ಕೂ ನಾವೇ ಹಾಡಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಅಲ್ಲಿ ಎಲ್ಲರಿಗೂ ಕೇಳಿಸಿತು.

ಕೆಲವರು ಹೇಳುತ್ತಾರೆ, ಒಳ್ಳೆಯ ಮನಸ್ಸಿನಿಂದ ಬರೆದದ್ದನ್ನು ಹೀಗೆ ಬಿಡಿಸಿ ನೋಡುವುದು ಸಮ್ಮಾ ವಾಚೆಗೆ ವಿರುದ್ಧ, ಮೈತ್ರಿಗೆ ವಿರುದ್ಧ ಎಂದು. ಮಜ್ಝಿಮ ನಿಕಾಯದ ಅಭಯ ರಾಜಕುಮಾರ ಸುತ್ತ ಇದಕ್ಕೆ ಉತ್ತರ ಕೊಡುತ್ತದೆ. ಬುದ್ಧರು ಯಾರಿಗಾದರೂ ಅಪ್ರಿಯವಾದ ಮಾತು ಆಡುತ್ತಾರೆಯೇ ಎಂದು ಅಭಯ ಕೇಳುತ್ತಾನೆ. ಅವನ ತೊಡೆಯ ಮೇಲೆ ಒಂದು ಕೂಸು ಮಲಗಿರುತ್ತದೆ. ಈ ಕೂಸು ಕಡ್ಡಿಯನ್ನೋ ಕಲ್ಲನ್ನೋ ಬಾಯಿಗೆ ಹಾಕಿಕೊಂಡರೆ ಏನು ಮಾಡುತ್ತೀ ಎಂದು ಬುದ್ಧರು ಕೇಳುತ್ತಾರೆ. ರಕ್ತ ಬಂದರೂ ಸರಿ, ಬೆರಳು ಹಾಕಿ ತೆಗೆಯುತ್ತೇನೆ, ಕೂಸಿನ ಮೇಲೆ ನನಗೆ ಅನುಕಂಪ ಇದೆ ಎನ್ನುತ್ತಾನೆ ಅಭಯ. ತಥಾಗತರ ಮಾತೂ ಹಾಗೆಯೇ. ನಿಜವೂ ಹಿತವೂ ಆದ ಮಾತು ಕೇಳುವವರಿಗೆ ಅಪ್ರಿಯವಾದರೂ ಕಾಲ ನೋಡಿ ಆಡುತ್ತಾರೆ. ನಿಜವಲ್ಲದ, ಹಿತವಲ್ಲದ ಮಾತು ಎಷ್ಟೇ ಪ್ರಿಯವಾಗಿದ್ದರೂ ಆಡುವುದಿಲ್ಲ. ಅಂದರೆ ಕಿವಿಗೆ ಇಂಪು ಎಂಬುದು ಧಮ್ಮದ ಅಳತೆಗೋಲಲ್ಲ. ನಮ್ಮ ತಂಗಿ ಗುಂಪಿನಲ್ಲಿ ಎಲ್ಲರೆದುರು ಹೇಳದೆ ನನಗೊಬ್ಬನಿಗೇ ಹೇಳಿದಳು. ಕಾಲವನ್ನೂ ನೋಡಿದಳು. ನನ್ನ ಬಾಯಲ್ಲಿದ್ದ ಕಲ್ಲನ್ನು ತೆಗೆದವಳು ಅವಳು. ಅದನ್ನು ನಾನು ಮೊದಲು ಸಿಟ್ಟು ಎಂದುಕೊಂಡೆ.

ಬಂಧುಗಳೇ, ಸ್ಫೂರ್ತಿಯ ಕವಿತೆಗಳನ್ನೆಲ್ಲ ಸಂಶಯದಿಂದ ನೋಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಥೇರ ಥೇರಿಯರೇ ಹಾಡಿದವರು. ಹಾಡಿಲ್ಲದೆ ನಮ್ಮ ಚಳವಳಿಯೂ ಇಲ್ಲ. ಕೇಳುತ್ತಿರುವುದು ಇಷ್ಟೇ: ಓದುವಾಗ ಕಣ್ಣೀರನ್ನು ಕೊನೆಯ ಪ್ರಮಾಣ ಮಾಡಿಕೊಳ್ಳಬೇಡಿ. ಆ ಕಣ್ಣೀರು ಯಾರಿಗಾಗಿ ಬಂತು ಎಂದು ಒಂದು ಗಳಿಗೆ ನೋಡಿ.

ಇಂದಿನ ಅಭ್ಯಾಸ. ಯಾವುದೇ ಸ್ಫೂರ್ತಿಯ ಕವಿತೆ ಮುಂದಕ್ಕೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ.

1. ಇದನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ? ಹೊತ್ತವರು ಹೇಳುತ್ತಿದ್ದಾರೋ, ಹೊರಿಸಿದವರೋ, ನೋಡುತ್ತಾ ನಿಂತವರೋ?

2. ಕವಿತೆ ಮುಗಿದಾಗ ಅದರಲ್ಲಿರುವ ಮನುಷ್ಯ ಎಲ್ಲಿದ್ದಾನೆ? ಶುರುವಾದ ಜಾಗದಲ್ಲೇ ಇದ್ದಾನೋ, ಒಂದು ಹೆಜ್ಜೆಯಾದರೂ ಇಟ್ಟಿದ್ದಾನೋ?

3. ಯಾರ ಬಗ್ಗೆ ಬರೆದಿದೆಯೋ ಅವರ ಎದುರು ನಿಂತು ಇದನ್ನು ನಾನು ಓದಬಲ್ಲೆನೇ?

ಮೂರನೆಯ ಪ್ರಶ್ನೆಯನ್ನು ನಾನು ತಡವಾಗಿ ಪಾಲಿಸಿದೆ. ಮರುದಿನ ಬೆಳಿಗ್ಗೆ ಆರೂವರೆಗೆ ಗೇಟಿನ ಹತ್ತಿರ ನಿಂತಿದ್ದೆ. ಆ ತಾಯಿ ಬಂದರು. ಹೆಸರು ಕೇಳಿದೆ, ಹೇಳಿದರು. ನಿನ್ನೆಯ ಕವಿತೆ ಕಳಿಸಿದವನು ನಾನೇ, ತಪ್ಪಾಯಿತು ಎಂದೆ. ಅವರು ಪೊರಕೆಯನ್ನು ಗೋಡೆಗೆ ಒರಗಿಸಿ ನಕ್ಕರು. ಆ ನಗು ಆ ಕವಿತೆಯದಲ್ಲ.

"ಅಯ್ಯೋ ಬಿಡಿ ಸಾರ್. ಒಡೆದ ಗಾಜು ಇದ್ರೆ ಪೇಪರ್‌ನಲ್ಲಿ ಸುತ್ತಿ ಬೇರೆ ಕೊಡಿ. ಹೋದ ವಾರ ನಿಮ್ಮ ಸಾಲಿನ ಕಸದಲ್ಲೇ ಕೈ ಕುಯ್ಕೊಂಡೆ."

ಬಲಗೈ ಹೆಬ್ಬೆರಳಿಗೆ ಬಟ್ಟೆ ಕಟ್ಟಿತ್ತು. ಇಂದು ನಿಮ್ಮ ಮನೆಯ ಕಸವನ್ನು ಕೊಡುವ ಮೊದಲು ಇದೊಂದನ್ನು ನೆನಪಿಡಿ.

ಭವತು ಸಬ್ಬ ಮಂಗಲಂ.
ಜೈ ಭೀಮ್, ನಮೋ ಬುದ್ಧಾಯ.